ಕಲ್ಲು ಸಿಕ್ಕವರು, ಸಿಗದವರು: ಶ್ರೀರಂಗಪಟ್ಟಣದ ಹಳೆಯ ಗೋರಿಗಳು

(ಇತಿಹಾಸದಲ್ಲಿ ಆಸಕ್ತಿ ಇರುವ ಗೆಳೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ರಜೆಯ ದಿನ ಬೆಳಿಗ್ಗೆ ಸ್ಮಶಾನದ ಮಾತು ಯಾರಿಗೆ ಬೇಕು, ಅಲ್ವಾ? ಆದರೂ ಇಷ್ಟು ಜನ ಬಂದಿದ್ದೀರಿ. ಹಾಗಾಗಿ ಪೀಠಿಕೆ ಹಾಕದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಶ್ರೀರಂಗಪಟ್ಟಣ ಅಂದರೆ ನಮಗೆ ಕೋಟೆ, ಯುದ್ಧ, ಟಿಪ್ಪು, ರಂಗನಾಥ. 1610ರಲ್ಲಿ ರಾಜ ಒಡೆಯರು ಈ ಊರನ್ನು ಹಿಡಿದರು. 1799ರವರೆಗೆ ಇದೇ ರಾಜಧಾನಿ. ಸುಮಾರು 190 ವರ್ಷ. ಅಷ್ಟು ವರ್ಷ ರಾಜಧಾನಿಯಾಗಿದ್ದ ಊರಿನಲ್ಲಿ ಎಷ್ಟು ಜನ ಹುಟ್ಟಿರಬೇಕು, ಎಷ್ಟು ಜನ ಸತ್ತಿರಬೇಕು! ಆದರೆ ಇವತ್ತು ಹೆಸರು, ತಾರೀಖು ಓದಬಹುದಾದ ಗೋರಿಗಳನ್ನು ಹುಡುಕಿ ಹೊರಟರೆ ಸಿಗುವುದು ಮುಖ್ಯವಾಗಿ ಎರಡೇ ಗುಂಪು. ಒಂದು, ದ್ವೀಪದ ಪೂರ್ವದ ತುದಿಯಲ್ಲಿರುವ ಗುಂಬಜ್, ಅಂದರೆ ಹೈದರ್, ಟಿಪ್ಪು ಮಲಗಿರುವ ಗುಮ್ಮಟದ ಕಟ್ಟಡ. ಇನ್ನೊಂದು, ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ, ಕಾವೇರಿಯ ದಡದ ಗ್ಯಾರಿಸನ್ ಸ್ಮಶಾನ, ಅಂದರೆ ಇಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಪಡೆಯವರ ಸ್ಮಶಾನ. ಎರಡೂ 1780ರ ನಂತರದವು. ಅಂದರೆ ಒಡೆಯರ ಕಾಲದ ಒಂದೂವರೆ ಶತಮಾನ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಕಾರಣ ಕಷ್ಟದ್ದೇನಲ್ಲ. ಇದು ಕಾವೇರಿ ಸುತ್ತುವರಿದ ಊರು. ಸುಡುವ ಪದ್ಧತಿ ಇದ್ದವರಿಗೆ ಹೊಳೆ ಪಕ್ಕದಲ್ಲೇ ಇತ್ತು. ಪಶ್ಚಿಮವಾಹಿನಿಗೆ ಇವತ್ತಿಗೂ ದೂರದೂರದ ಊರುಗಳಿಂದ ಅಸ್ಥಿ ತಂದು ಬಿಡುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಬಿಟ್ಟ ಜಾಗಗಳಲ್ಲಿ ಅದೂ ಒಂದು. ಒಂದು ಲೆಕ್ಕದಲ್ಲಿ ಈ ಊರಿನ ಅತಿ ದೊಡ್ಡ ಸ್ಮಶಾನ ಹೊಳೆಯೇ. ಅಲ್ಲಿ ಓದುವುದಕ್ಕೆ ಏನೂ ಉಳಿಯುವುದಿಲ್ಲ ಅಷ್ಟೇ. ಲಿಂಗಾಯತರೂ ಇನ್ನೂ ಹಲವು ಸಮುದಾಯಗಳೂ ಹೂಳುತ್ತವೆ, ನಿಜ. ಆದರೆ ಆ ಮಣ್ಣಿನ ಮೇಲೆ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸುವ ರೂಢಿ ಸಾಮಾನ್ಯ ಜನರಲ್ಲಿ ಇರಲಿಲ್ಲ. ವೀರಗಲ್ಲು, ಮಾಸ್ತಿಕಲ್ಲು ಇದ್ದವಲ್ಲ ಅಂತ ಕೇಳಬಹುದು. ಅವು ನೆನಪಿನ ಕಲ್ಲುಗಳು. ಅದರ ಕೆಳಗೆ ದೇಹ ಇರಲೇಬೇಕು ಅಂತೇನಿಲ್ಲ.

ಪೂರ್ಣಯ್ಯನವರನ್ನೇ ನೋಡಿ. ಹೈದರ್, ಟಿಪ್ಪು, ಆಮೇಲೆ ಒಡೆಯರು, ಮೂರು ಆಳ್ವಿಕೆಗಳನ್ನು ದಾಟಿದ ದಿವಾನರು. 1811ರಲ್ಲಿ ಕೆಲಸ ಬಿಟ್ಟು ಇದೇ ಶ್ರೀರಂಗಪಟ್ಟಣಕ್ಕೆ ಬಂದರು. 1812ರಲ್ಲಿ ಇಲ್ಲೇ ತೀರಿಕೊಂಡರು. ಮಾಧ್ವ ಬ್ರಾಹ್ಮಣರು, ಗೋರಿ ಎಲ್ಲಿಂದ ಬರಬೇಕು? ಅವರು ಕಟ್ಟಿಸಿದ 1804ರ ಕಲ್ಲಿನ ಸೇತುವೆ ಇನ್ನೂ ನಿಂತಿದೆ. ಅದರ ಹೆಸರು ನೋಡಿದರೆ ವೆಲ್ಲೆಸ್ಲಿ ಸೇತುವೆ! ಕಟ್ಟಿಸಿದವರು ಒಬ್ಬರು, ಹೆಸರು ಇನ್ನೊಬ್ಬರದು.

ಈಗ ಗುಂಬಜ್‌ಗೆ ಹೋಗೋಣ. ಇದರ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಹೈದರಾಲಿ ಸತ್ತಿದ್ದು 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ಬಿಡಾರದಲ್ಲಿ. ಆಗ ಯುದ್ಧ ನಡೆಯುತ್ತಿತ್ತು. ಟಿಪ್ಪು ಮಲಬಾರಿನ ಕಡೆ ಇದ್ದ. ಸುಲ್ತಾನನಿಲ್ಲ ಅಂತ ಗೊತ್ತಾದರೆ ಸೈನ್ಯ ಚದುರಿ ಹೋಗುತ್ತದೆ, ಇಲ್ಲವೇ ಯಾರಾದರೂ ಗದ್ದುಗೆಗೆ ಕೈ ಹಾಕುತ್ತಾರೆ. ಆದ್ದರಿಂದ ಪೂರ್ಣಯ್ಯ, ಕೃಷ್ಣರಾಯ ಮತ್ತು ಕೆಲವೇ ನಂಬಿಕಸ್ಥರು ಸಾವನ್ನು ಮುಚ್ಚಿಟ್ಟರು. ದೇಹವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲು ಕೊಟ್ಟು ಕೋಲಾರಕ್ಕೆ ಕಳಿಸಿದರು. ಕೋಲಾರದಲ್ಲಿ ಹೈದರನ ತಂದೆ ಫತೇ ಮಹಮ್ಮದನ ಮಕ್ಬರಾ, ಅಂದರೆ ಗೋರಿಯ ಕಟ್ಟಡ, ಇದೆ, ಈಗಲೂ ನೋಡಬಹುದು. ಮಗನ ದೇಹ ಮೊದಲು ಅಲ್ಲಿ ಅಪ್ಪನ ಹತ್ತಿರ ಇತ್ತು. ಆಮೇಲೆ ಟಿಪ್ಪು ಇಲ್ಲಿ ಲಾಲ್‌ಬಾಗಿನಲ್ಲಿ ಗುಂಬಜ್ ಕಟ್ಟಿಸಿ ಇಲ್ಲಿಗೆ ತರಿಸಿದ. ಹೌದು, ಶ್ರೀರಂಗಪಟ್ಟಣಕ್ಕೂ ಒಂದು ಲಾಲ್‌ಬಾಗ್ ಇದೆ. ಬೆಂಗಳೂರಿನವರು ಬೇಜಾರು ಮಾಡಿಕೊಳ್ಳಬೇಡಿ.

ಕಟ್ಟಡದ ಸುತ್ತ 36 ಕರಿಕಲ್ಲಿನ ಕಂಬ. ಒಳಗೆ ಗೋಡೆಯ ತುಂಬ ಹುಲಿಪಟ್ಟೆಯ ಬಣ್ಣ. ಮಧ್ಯದಲ್ಲಿ ಹೈದರ್, ಒಂದು ಪಕ್ಕ ಅವನ ಹೆಂಡತಿ, ಅಂದರೆ ಟಿಪ್ಪುವಿನ ತಾಯಿ. ಇನ್ನೊಂದು ಪಕ್ಕ ಟಿಪ್ಪು. ಅಪ್ಪನಿಗೆ ಕಟ್ಟಿಸಿದ ಜಾಗದಲ್ಲಿ ಹದಿನೈದು ವರ್ಷದ ನಂತರ ಮಗನೂ ಬಂದು ಸೇರಿದ. ಪಾರಸಿ ಬರಹದಲ್ಲಿ ಟಿಪ್ಪು ಸತ್ತ ವರ್ಷವನ್ನು ಅಂಕಿಗಳಲ್ಲಿ ಹೇಳದೆ ಪದಗಳ ಒಳಗೇ ಇಟ್ಟಿದ್ದಾರೆ. ಒಂದೊಂದು ಅಕ್ಷರಕ್ಕೂ ಒಂದು ಬೆಲೆ, ಕೂಡಿಸಿದರೆ ಹಿಜರಿ 1213, ಅಂದರೆ ನಮ್ಮ 1799. ಇಲ್ಲಿನ ಉರುಸ್, ಅಂದರೆ ಟಿಪ್ಪು ಸತ್ತ ದಿನದ ಸ್ಮರಣೆ, ಹಿಜರಿ ತಿಂಗಳಿನ ಪ್ರಕಾರ ನಡೆಯುತ್ತದೆ. ಆದ್ದರಿಂದಲೇ ಅದು ಪ್ರತಿ ವರ್ಷ ಮೇ 4ಕ್ಕೆ ಬರುವುದಿಲ್ಲ.

ಜನ ಒಳಗೆ ಹೋಗಿ ಮೂರು ಗೋರಿ ನೋಡಿ ಹೊರಗೆ ಬಂದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನನ್ನ ಮಾತು ಕೇಳುವುದಾದರೆ ಹೊರಗಿನ ಜಗಲಿಯಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಅಲ್ಲಿ ಟಿಪ್ಪುವಿನ ಹೆಂಡತಿ ರುಕಿಯಾ ಬಾನು, ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಬುರ್ಹಾನುದ್ದೀನ್, ಟಿಪ್ಪುವಿನ ತಂಗಿ, ಸಾಕುತಾಯಿ, ಚಿಕ್ಕಂದಿನಲ್ಲೇ ಹೋದ ಮಗಳು, ಎಲ್ಲರೂ ಇದ್ದಾರೆ. ಸಾಮಾನ್ಯವಾಗಿ ಗಂಡಸರ ಗೋರಿಯ ನೆತ್ತಿಯಲ್ಲಿ ಉದ್ದಕ್ಕೆ ಒಂದು ಉಬ್ಬು ಇರುತ್ತದೆ, ಹೆಂಗಸರದು ಚಪ್ಪಟೆ. ಇದೊಂದು ತಿಳಿದಿದ್ದರೆ ಸಾಕು, ಆ ಜಗಲಿಯಲ್ಲಿ ಹೆಂಗಸರು ಯಾರು, ಗಂಡಸರು ಯಾರು ಎಂಬುದು ದೂರದಿಂದಲೇ ಕಾಣುತ್ತದೆ. ಅರಮನೆಯ ಗೋಡೆಯೊಳಗೇ ಬದುಕು ಕಳೆದ ಈ ಹೆಂಗಸರ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಅವರ ಹೆಸರನ್ನು ಉಳಿಸಿರುವುದು ಈ ಕಲ್ಲು.

ಗುಂಬಜ್ ಗೋರಿಯಷ್ಟೇ ಆಗಿ ಉಳಿಯಲಿಲ್ಲ. 1792ರ ಫೆಬ್ರವರಿಯಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ದ್ವೀಪಕ್ಕೆ ನುಗ್ಗಿ ಲಾಲ್‌ಬಾಗಿನಲ್ಲಿ ಬಿಡಾರ ಹೂಡಿತು. ಕೋಟೆಗೆ ಮುತ್ತಿಗೆ ಹಾಕಲು ಮರ ಬೇಕಿತ್ತು. ಸಾಲಾಗಿ ಬೆಳೆಸಿದ್ದ ಸೈಪ್ರೆಸ್ ಮರಗಳನ್ನು ಕಡಿದು ಹಾಕಿದರು. ತೋಟದ ಕಟ್ಟಡಗಳಲ್ಲಿ ಗಾಯಾಳುಗಳನ್ನು ಮಲಗಿಸಿದರು. ಅಪ್ಪನ ಸಮಾಧಿಯ ತೋಟವನ್ನು ಶತ್ರುಗಳು ಕಡಿಯುವುದನ್ನು ಟಿಪ್ಪು ಕೋಟೆಯೊಳಗಿಂದ ನೋಡಬೇಕಾಯಿತು.

ಏಳು ವರ್ಷದ ನಂತರ, 1799ರ ಮೇ 4, ಮಧ್ಯಾಹ್ನ. ಕೋಟೆ ಬಿತ್ತು. ಆ ದಿನದ ಕಥೆ ನಿಮಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಮರುದಿನ ಸಂಜೆ ಟಿಪ್ಪುವಿನ ಅಂತ್ಯಸಂಸ್ಕಾರ ಆಯಿತು. ಗೆದ್ದವರೇ ಸೈನ್ಯದ ಗೌರವ ಕೊಟ್ಟರು. ಮಗ ಅಬ್ದುಲ್ ಖಾಲಿಕ್ ಜೊತೆಯಲ್ಲಿದ್ದ. 1792ರ ಒಪ್ಪಂದದಲ್ಲಿ ಇಂಗ್ಲಿಷರಿಗೆ ಒತ್ತೆಯಾಗಿ ಹೋಗಿದ್ದ ಇಬ್ಬರು ಮಕ್ಕಳಲ್ಲಿ ಅವನೂ ಒಬ್ಬ. ದಾರಿಯ ಎರಡೂ ಕಡೆ ಜನ ನಿಂತು ಅತ್ತರು ಎಂದು ಆ ಕಾಲದ ಇಂಗ್ಲಿಷ್ ಅಧಿಕಾರಿಗಳೇ ಬರೆದಿದ್ದಾರೆ. ಅದು ಮುಗಿಯುತ್ತಿದ್ದ ಹಾಗೆ ಗುಡುಗು ಸಿಡಿಲಿನ ಮಳೆ. ಬಾಂಬೆ ಸೈನ್ಯದ ಬಿಡಾರಕ್ಕೆ ಸಿಡಿಲು ಬಡಿದು ಇಬ್ಬರು ಅಧಿಕಾರಿಗಳು ಸತ್ತರು. ಸಿನಿಮಾದಲ್ಲಿ ಇದನ್ನು ತೋರಿಸಿದರೆ ಸುಮ್ನೆ ಸೇರಿಸಿದ್ದಾರೆ ಅಂತೀವಿ. ಮೇ ತಿಂಗಳ ಸಂಜೆ ನಮ್ಮ ಕಡೆ ಸಿಡಿಲು ಮಳೆ ಬರದಿದ್ದರೆ ತಾನೇ ಆಶ್ಚರ್ಯ!

ಟಿಪ್ಪುವಿನ ಜೊತೆ ಆ ದಿನ ಸತ್ತ ಮೈಸೂರಿನ ಸೈನಿಕರು ಸಾವಿರಾರು. ಕೋಟೆಯ ಬಾಗಿಲೊಂದರ ಹತ್ತಿರ ಸುಲ್ತಾನನ ದೇಹ ಸಿಕ್ಕ ಜಾಗದಲ್ಲಿ ಒಂದು ಗುರುತಿನ ಕಲ್ಲಿದೆ. ಅದೇ ಬಾಗಿಲಲ್ಲಿ, ಅದೇ ಹೆಣಗಳ ರಾಶಿಯಲ್ಲಿ ಬಿದ್ದಿದ್ದ ಉಳಿದವರಿಗೆ? ಕೋಟೆಯ ವಾಯವ್ಯ ಮೂಲೆಯಲ್ಲಿ ಒಂದು ಕಲ್ಲಿನ ಸ್ತಂಭ ಇದೆ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ್ದು. ಅದರ ಮೇಲಿರುವುದು ಮುತ್ತಿಗೆ ಹಾಕಿದ ಕಡೆಯ ಅಧಿಕಾರಿಗಳ ಹೆಸರು ಮತ್ತು ಪಡೆಗಳು. ಕೋಟೆ ಕಾಯುತ್ತಾ ಸತ್ತವರ ಪಟ್ಟಿ ಎಲ್ಲೂ ಇಲ್ಲ.

ಇನ್ನೂ ಇದ್ದಾರೆ. ಮಂಗಳೂರಿನ ಕಡೆಯಿಂದ 1784ರಲ್ಲಿ ಸೆರೆ ಹಿಡಿದು ತಂದ ಕ್ರೈಸ್ತರು, ಕೊಡಗಿನಿಂದ ತಂದವರು. ಎಷ್ಟು ಸಾವಿರ ಎಂಬ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ದಾರಿಯಲ್ಲೂ ಇಲ್ಲಿಗೆ ಬಂದ ಮೇಲೂ ಬಹಳ ಜನ ಸತ್ತರು ಎಂಬುದರಲ್ಲಿ ಜಗಳವಿಲ್ಲ. ಅವರಿಗೂ ಇಲ್ಲಿ ಒಂದು ಕಲ್ಲಿಲ್ಲ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಈ ಊರಿಗೆ ಬಂದು ಭಾಷಣ ಮಾಡಿ ಹೋಗುತ್ತಾರೆ. ಕೋಟೆ ಕಾದು ಸತ್ತವರು, ಸೆರೆಯಲ್ಲಿ ಸತ್ತವರು, ಈ ಇಬ್ಬರನ್ನೂ ಒಂದೇ ಉಸಿರಿನಲ್ಲಿ ನೆನೆಯುವವರನ್ನು ನಾನು ಕಂಡಿದ್ದು ಕಡಿಮೆ.

ಸೆರೆಯ ಮಾತು ಬಂತಲ್ಲ. ಗುಂಬಜ್ ಹತ್ತಿರವೇ ಕರ್ನಲ್ ಬೈಲಿಯ ಸ್ಮಾರಕ ಇದೆ. ನೂರಕ್ಕೆ ತೊಂಬತ್ತು ಜನ ಅದನ್ನು ನೋಡದೆ ಹೋಗುತ್ತಾರೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಪುಡಿಪುಡಿ ಮಾಡಿದರು. ಇಲ್ಲಿನ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಯುದ್ಧದ ದೊಡ್ಡ ಚಿತ್ರವಿದೆ. ಅದರಲ್ಲಿ ಪಲ್ಲಕ್ಕಿಯಲ್ಲಿ ಗಾಬರಿಯಿಂದ ಕೂತಿರುವವನೇ ಈ ವಿಲಿಯಂ ಬೈಲಿ. ಸೆರೆಸಿಕ್ಕಿ ಇಲ್ಲಿಗೆ ಬಂದ. 1782ರಲ್ಲಿ ಸೆರೆಯಲ್ಲೇ ಸತ್ತ. ಆಗ ಅವನಿಗೆ ಕಲ್ಲು ಹಾಕುವವರು ಯಾರು? 34 ವರ್ಷದ ನಂತರ, 1816ರಲ್ಲಿ, ಲಖನೌದಲ್ಲಿ ರೆಸಿಡೆಂಟ್, ಅಂದರೆ ಇಂಗ್ಲಿಷ್ ಕಂಪನಿಯ ಪ್ರತಿನಿಧಿ, ಆಗಿದ್ದ ಅವನ ಅಣ್ಣನ ಮಗನೋ ತಮ್ಮನ ಮಗನೋ ಆಗಬೇಕಾದ ಜಾನ್ ಬೈಲಿ ಈ ಸ್ಮಾರಕ ಕಟ್ಟಿಸಿದ. ಬೈಲಿಯ ಜೊತೆ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್ ಬದುಕಿ ಹೊರಬಂದ, 1799ರಲ್ಲಿ ಇದೇ ಕೋಟೆಯ ಮೇಲಿನ ದಾಳಿಗೆ ಅವನೇ ಮುಂದಾಳು. ಸೆರೆಯಲ್ಲಿ ಸತ್ತ ಸಿಪಾಯಿಗಳಿಗೆ ಲಖನೌದಲ್ಲಿ ದೊಡ್ಡ ಕೆಲಸದಲ್ಲಿರುವ ನೆಂಟರು ಇರಲಿಲ್ಲ.

ಇನ್ನು ಗ್ಯಾರಿಸನ್ ಸ್ಮಶಾನ. ಇದರ ಬಗ್ಗೆ ನನಗೆ ಒಂದು ತಕರಾರಿದೆ.

ಪ್ರವಾಸಿಗರಿಗೆ ಹೇಳುವುದು ಹೀಗೆ: 1799ರ ಯುದ್ಧದಲ್ಲಿ ಸತ್ತ ಯುರೋಪಿನ ಅಧಿಕಾರಿಗಳು ಇಲ್ಲಿ ಮಲಗಿದ್ದಾರೆ, ಸುಮಾರು 300 ಗೋರಿ. ಕೇಳಲು ಚೆನ್ನಾಗಿದೆ. ಆದರೆ ಈ ಸ್ಮಶಾನ ಶುರುವಾದದ್ದೇ 1800ರ ಸುಮಾರಿಗೆ. ಯುದ್ಧ ಮುಗಿದು ಇಂಗ್ಲಿಷರ ಪಡೆ ಇಲ್ಲಿ ಬೀಡುಬಿಟ್ಟ ಮೇಲೆ. ಅಲ್ಲಿ ಹೆಂಗಸರಿದ್ದಾರೆ, ಕೂಸುಗಳಿದ್ದಾರೆ. ಕೂಸುಗಳು ಯಾವ ಕೋಟೆ ಹತ್ತಿದ್ದವು? ಅಲ್ಲಿರುವ ಹೆಚ್ಚಿನವರನ್ನು ಕೊಂದದ್ದು ಟಿಪ್ಪುವಿನ ಫಿರಂಗಿ ಅಲ್ಲ. ಗೆದ್ದ ಮೇಲೆ ಅದೇ ಊರಿನಲ್ಲಿ ಕೂತು, ಬಾಣಂತಿತನದಲ್ಲಿ, ಭೇದಿಯಲ್ಲಿ, ಮುಖ್ಯವಾಗಿ ಜ್ವರದಲ್ಲಿ ಸತ್ತರು.

ಜ್ವರದ ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಊರಿನ ಹಣೆಬರಹ ಬದಲಿಸಿದ್ದೇ ಅದು. ಸುತ್ತಲೂ ಹೊಳೆ. ಕೋಟೆಯ ಕಂದಕಗಳಲ್ಲಿ ನಿಂತ ನೀರು. ಆಚೆ ನಾಲೆಗಳು, ಗದ್ದೆಗಳು. ಮಲೇರಿಯಾಕ್ಕೆ ಇನ್ನೇನು ಬೇಕು? ಆಗ ಸೊಳ್ಳೆಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದೇ ನಂಬಿದ್ದರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಸುಳಿವು ಕಂಡಿದ್ದು 1897ರಲ್ಲಿ, ಅಂದರೆ ಸುಮಾರು ನೂರು ವರ್ಷದ ನಂತರ. ಇಲ್ಲಿನ ಪಡೆಗಳಲ್ಲಿ ಕಾಯಿಲೆ ನಿಲ್ಲಲಿಲ್ಲ. ಕೊನೆಗೆ 1809ರ ಹೊತ್ತಿಗೆ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ದಂಡು ಬೆಳೆದದ್ದು ಹಾಗೆ. ಇವತ್ತು ಎಂ.ಜಿ. ರಸ್ತೆಯಲ್ಲಿ ಕಾಫಿ ಕುಡಿಯುವವರು ಶ್ರೀರಂಗಪಟ್ಟಣದ ಸೊಳ್ಳೆಗೆ ಒಂದು ಥ್ಯಾಂಕ್ಸ್ ಹೇಳಬಹುದು.

ಊರು ಕುಗ್ಗಿದ್ದು ಭಯಂಕರ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರೆಂದು 1800ರಲ್ಲಿ ಇಂಗ್ಲಿಷ್ ಕಂಪನಿಗಾಗಿ ನಾಡಿನ ಸಮೀಕ್ಷೆ ಮಾಡುತ್ತಾ ಇಲ್ಲಿಗೆ ಬಂದ ಬುಕನನ್ ಅಂದಾಜು ಮಾಡಿದ. ಅವನು ಬಂದಾಗಲೇ ಅದು ಸುಮಾರು 32 ಸಾವಿರಕ್ಕೆ ಇಳಿದಿತ್ತು. 1901ರ ಜನಗಣತಿಯಲ್ಲಿ 8,584. ರಾಜಧಾನಿ ಮೈಸೂರಿಗೆ ಹೋಯಿತು, ಸೈನ್ಯ ಬೆಂಗಳೂರಿಗೆ ಹೋಯಿತು, ಜ್ವರ ಇಲ್ಲೇ ಉಳಿಯಿತು.

ಈ ಸ್ಮಶಾನದಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸುವವರು ಸ್ವಿಸ್ ಜನ. ಸುಮಾರು 80 ಗೋರಿಗಳು ಡಿ ಮ್ಯೂರಾನ್ ರೆಜಿಮೆಂಟಿಗೆ ಸೇರಿದವು ಎಂದು ಲೆಕ್ಕ. ಸ್ವಿಟ್ಜರ್ಲೆಂಡಿನವರಿಗೂ ಮಂಡ್ಯ ಜಿಲ್ಲೆಗೂ ಏನು ಸಂಬಂಧ? 1781ರಲ್ಲಿ ನ್ಯೂಶಾಟೆಲ್‌ನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಎಂಬವನು ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಒಂದು ಬಾಡಿಗೆ ಪಡೆ ಕಟ್ಟಿದ. ಸ್ವಿಸ್ ಜನರ ಜೊತೆ ಬೇರೆ ಬೇರೆ ದೇಶದವರೂ ಅದರಲ್ಲಿದ್ದರು. ಮೊದಲು ದಕ್ಷಿಣ ಆಫ್ರಿಕಾದ ಕೇಪ್, ಆಮೇಲೆ ಸಿಲೋನ್. 1795ರಲ್ಲಿ ಇಂಗ್ಲಿಷರು ಸಿಲೋನಿಗೆ ಕೈ ಹಾಕಿದಾಗ ಈ ಪಡೆ ಡಚ್ಚರನ್ನು ಬಿಟ್ಟು ಇಂಗ್ಲಿಷರ ಸಂಬಳಕ್ಕೆ ಸೇರಿತು. ಜಗಳ ಇಲ್ಲ, ಯುದ್ಧ ಇಲ್ಲ, ಹೊಸ ಒಪ್ಪಂದ ಅಷ್ಟೇ. ಅಲ್ಲಿಂದ ಮದರಾಸು, ಮದರಾಸಿನಿಂದ 1799ರಲ್ಲಿ ಇಲ್ಲಿಗೆ. ಟಿಪ್ಪುವಿನ ಮೇಲೆ ಇವರಿಗೆ ಯಾವ ಹಗೆಯೂ ಇರಲಿಲ್ಲ. ನಾಲ್ಕು ವರ್ಷ ಮೊದಲು ಇವರು ಇಂಗ್ಲಿಷರ ಎದುರಾಳಿಗಳ ಕಡೆಯವರು!

1806ರಲ್ಲಿ ಪಡೆ ಯುರೋಪಿಗೆ ವಾಪಸ್ ಹೋಯಿತು. ಆಮೇಲೆ 1813ರಲ್ಲಿ ಕೆನಡಾಕ್ಕೆ, ಅಮೆರಿಕನ್ನರ ವಿರುದ್ಧ. 1816ರಲ್ಲಿ ಪಡೆಯನ್ನು ಮುಚ್ಚಿದಾಗ ಕೆಲವರು ಅಲ್ಲೇ ಉಳಿದು, ಈಗಿನ ವಿನಿಪೆಗ್ ಇರುವ ರೆಡ್ ರಿವರ್ ಸೀಮೆಗೆ ಹೋದರು. ಒಂದೇ ಪಡೆಯ ಜನ, ಕೆಲವರು ಕಾವೇರಿಯ ದಡದಲ್ಲಿ ಮಣ್ಣಾದರು, ಕೆಲವರು ಕೆನಡಾದ ಹಿಮದಲ್ಲಿ. ಎರಡು ಶತಮಾನ ಕಳೆದ ಮೇಲೆ, 2008ರ ಸುಮಾರಿಗೆ, ಡಿ ಮ್ಯೂರಾನ್ ಮನೆತನದವರು ಮುಂದೆ ಬಂದು ಪಾಳುಬಿದ್ದಿದ್ದ ಈ ಸ್ಮಶಾನವನ್ನು ದುರಸ್ತಿ ಮಾಡಿಸಿದರು. ಈಗ ನೀವು ನೋಡುವ ಅಚ್ಚುಕಟ್ಟು ಆ ಕೆಲಸದ ಫಲ.

ಇಲ್ಲಿನ ಹೊಳೆ ದಡದ ಸ್ಕಾಟ್ ಬಂಗಲೆಯ ಕಥೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಕರ್ನಲ್ ಸ್ಕಾಟ್ ಊರಿನಿಂದ ಮನೆಗೆ ಬಂದ, ಹೆಂಡತಿ ಮಕ್ಕಳು ಕಾಲರಾದಲ್ಲಿ ಸತ್ತು ಬಿದ್ದಿದ್ದರು, ಅವನು ಕಾವೇರಿಗೆ ಇಳಿದು ಮಾಯವಾದ, ಮನೆ ಹಾಗೇ ಉಳಿಯಿತು. ನಮ್ಮಜ್ಜಿಯರ ಕಾಲದಿಂದ ನಡೆದು ಬಂದ ಕಥೆ. ಗ್ಯಾರಿಸನ್ ಸ್ಮಶಾನದಲ್ಲಿ ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ ಎಂಬ ಹೆಸರಿನ ಕಲ್ಲಿದೆ. 1817ರದ್ದು. ಹೆರಿಗೆಯಲ್ಲಿ ತೀರಿಕೊಂಡ ಹೆಂಗಸು. ಕಾಲರಾ ಇಲ್ಲ, ಹೊಳೆಗೆ ಇಳಿಯುವುದೂ ಇಲ್ಲ. ದಂತಕಥೆಗಿಂತ ಈ ಕಲ್ಲೇ ನನಗೆ ಜಾಸ್ತಿ ನೋವು ಕೊಡುತ್ತದೆ. ಯಾಕೆಂದರೆ ಅದು ನಿಜ, ಮತ್ತೆ ಆ ಕಾಲಕ್ಕೆ ತೀರಾ ಮಾಮೂಲಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಟಿಪ್ಪುವಿನ ಉಳಿದ ಮಕ್ಕಳು, ಮೊಮ್ಮಕ್ಕಳ ಗೋರಿಗಳು ಯಾಕೆ ಇಲ್ಲಿಲ್ಲ ಎಂದು ಒಬ್ಬರು ಕೇಳಿದರು. ಅವರನ್ನು ಇಲ್ಲಿ ಇರಗೊಡಲೇ ಇಲ್ಲ. 1799ರ ನಂತರ ಇಡೀ ಕುಟುಂಬವನ್ನು ವೆಲ್ಲೂರಿಗೆ ಸಾಗಿಸಿದರು. 1806ರಲ್ಲಿ ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆ ಎದ್ದರು. ಇವರ ಕೈವಾಡ ಇದೆ ಎಂಬ ಅನುಮಾನದಿಂದ ಗಂಡುಮಕ್ಕಳನ್ನು ಕಲ್ಕತ್ತೆಗೆ ಕಳಿಸಿದರು. ಹಾಗಾಗಿ ಆ ಮನೆತನದ ಗೋರಿಗಳು ಕೋಲಾರ, ಶ್ರೀರಂಗಪಟ್ಟಣ, ವೆಲ್ಲೂರು, ಕೋಲ್ಕತ್ತ ಹೀಗೆ ಹಂಚಿಹೋಗಿವೆ. ಹಾಗೆ ನೋಡಿದರೆ, 1855ರಲ್ಲಿ ಗುಂಬಜ್‌ಗೆ ದಂತದ ಕುಸುರಿ ಇರುವ ಬಾಗಿಲುಗಳನ್ನು ಮಾಡಿಸಿಕೊಟ್ಟಿದ್ದು ಗವರ್ನರ್ ಜನರಲ್ ಡಾಲ್‌ಹೌಸಿ. ಗೋರಿಗೆ ಚೆಂದದ ಬಾಗಿಲು ಕೊಟ್ಟವರು, ಅಲ್ಲಿ ದೀಪ ಹಚ್ಚಬೇಕಾದ ಮೊಮ್ಮಕ್ಕಳನ್ನು ಸುಮಾರು ಸಾವಿರ ಮೈಲಿ ದೂರ ಇಟ್ಟಿದ್ದರು.

ನಮ್ಮನ್ನು ಸೋಲಿಸಿದವರ ಗೋರಿಗೆ ನಾವು ಯಾಕೆ ಸುಣ್ಣ ಬಳಿಯಬೇಕು ಎಂದು ಇನ್ನೊಬ್ಬರು ಸ್ವಲ್ಪ ಬಿಸಿಯಾಗಿಯೇ ಕೇಳಿದರು. ಬಳಿಯಲೇಬೇಕು ಅಂತ ನಾನು ಹೇಳುವುದಿಲ್ಲ. ಆದರೆ 1800ರಿಂದ ಮುಂದೆ ಈ ಊರಿನಲ್ಲಿ ಯಾವ ವರ್ಷ ಯಾರು, ಎಷ್ಟು ವಯಸ್ಸಿಗೆ ಸತ್ತರು ಎಂದು ಕಲ್ಲಿನ ಮೇಲೆ ಬರೆದಿಟ್ಟ ದಾಖಲೆ ಅದೊಂದೇ. ಅದೇ ನೀರು, ಅದೇ ಸೊಳ್ಳೆ ಇದೇ ದ್ವೀಪದ ಗಂಜಾಂನ ನೇಕಾರನನ್ನೂ ಕೋಟೆಯೊಳಗಿನ ಅರ್ಚಕರನ್ನೂ ಬಿಟ್ಟಿರಲಿಕ್ಕಿಲ್ಲ. ಅವರ ಲೆಕ್ಕ ಬರೆದವರಿಲ್ಲ. ಆದ್ದರಿಂದ ನಮ್ಮವರ ಸಾವಿನ ಅಂದಾಜಿಗೂ ಪರಕೀಯರ ಈ ಕಲ್ಲುಗಳನ್ನೇ ಓದಬೇಕು.

ದುರಸ್ತಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಇವು ಇಟ್ಟಿಗೆ, ಗಾರೆಯ ಗೋರಿಗಳು. ಉತ್ಸಾಹದಲ್ಲಿ ಯಾರೂ ಸಿಮೆಂಟ್ ಮೆತ್ತಬಾರದು. ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ಹಿಡಿದಿಟ್ಟು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಅರಳಿ ಗಿಡ ಬಿರುಕಿನಲ್ಲಿ ಹುಟ್ಟಿದರೆ ಚಿಕ್ಕದಿದ್ದಾಗಲೇ ಬೇರುಸಹಿತ ತೆಗೆಯಬೇಕು. ಬೆಳೆದ ಮೇಲೆ ಎಳೆದರೆ ಗೋರಿಯೇ ಜೊತೆಗೆ ಬರುತ್ತದೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ಉಜ್ಜುವುದೂ ಬೇಡ. ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ ಸವೆದ ಅಕ್ಷರವೂ ಓದಲು ಸಿಗುತ್ತದೆ.